ಹೊಳೆನರಸೀಪುರದ ಎರಡು ಬರಹ: ಲಾಗಿನ್ ನಮೂನೆಗಳಲ್ಲಿ ಕನ್ನಡ ಪಾಸ್‌ವರ್ಡ್

ಸಾರಾಂಶ: ಕನ್ನಡದ ಪಾಸ್‌ವರ್ಡನ್ನು ಹ್ಯಾಶ್ ಮಾಡುವ (ಮೂಲಕ್ಕೆ ಮರಳಿಸಲಾಗದ ಗುರುತಾಗಿ ಬದಲಿಸುವ) ಮೊದಲೇ ಅದರ ಬರಹವನ್ನು ಏಕರೂಪಕ್ಕೆ ತರಬೇಕು ಎಂಬುದು ಈ ಲೇಖನದ ವಾದ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ಊರ ಹೆಸರುಗಳು ಇಲ್ಲಿ ಪರೀಕ್ಷಾ ಪದಗಳಷ್ಟೇ. ಯಾರು ಬೇಕಾದರೂ ಊಹಿಸಬಲ್ಲ ಇವು ನಿಜವಾದ ಪಾಸ್‌ವರ್ಡ್ ಆಗಲಾರವು.

ಪಾಸ್‌ವರ್ಡಿಗೆ ‘ಸಾಲ್ಟ್’ (ಯಾದೃಚ್ಛಿಕ ಮೌಲ್ಯ) ಬೆರೆಸಿ ಹ್ಯಾಶ್ ಮಾಡಿ ಇಡುವ ಕ್ರಮವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ವಿವರಿಸಿದರು. ಹ್ಯಾಶ್‌ಗೆ ಅಕ್ಷರ ಗೊತ್ತಿಲ್ಲ, ಬೈಟು ಮಾತ್ರ ಗೊತ್ತು. ಒಂದು ಬೈಟು ಬದಲಾದರೂ ಫಲಿತಾಂಶ ಪೂರಾ ಬೇರೆಯಾಗುತ್ತದೆ.

ಮೊದಲ ತೊಡಕು ಎಣಿಕೆಯದು. ‘ಹಾಸನ’ ಓದುಗನಿಗೆ 3 ಅಕ್ಷರ, ಯೂನಿಕೋಡಿನಲ್ಲಿ 4 ಸಂಕೇತ, ಯುಟಿಎಫ್-8ರಲ್ಲಿ 12 ಬೈಟು. ಕನಿಷ್ಠ 8 ಎಂಬ ನಿಯಮವಿದ್ದರೆ ಸಂಕೇತ ಎಣಿಸುವ ಬ್ರೌಸರ್ ಇದನ್ನು ತಿರಸ್ಕರಿಸುತ್ತದೆ. ಬೈಟು ಎಣಿಸುವ ಸರ್ವರ್ ಒಪ್ಪಿಕೊಳ್ಳುತ್ತದೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರ ಮಾರ್ಗಸೂಚಿಯಲ್ಲಿ ಸಂಕೇತಗಳನ್ನೇ ಎಣಿಸಲು ಹೇಳಿದೆ.

ಎರಡನೆಯದು ರೂಪದ್ದು. ಶಾಲೆಯಲ್ಲಿ ‘ಸೀ’ಯನ್ನು ಗುಡಿಸಿನ ದೀರ್ಘ ಎಂದು ಬಿಡಿಸಿ ಕಲಿಸುತ್ತಾರಲ್ಲ, ಯೂನಿಕೋಡ್ ಕೂಡ ಹಾಗೆ ಬಿಡಿಸಬಲ್ಲದು: ಗುಡಿಸು ಒಂದು ಸಂಕೇತ, ದೀರ್ಘ ಇನ್ನೊಂದು. ‘ಹೊ’ದ ಒತ್ವವೂ ಎತ್ವ ಮತ್ತು ಕೊಂಬಿನಿಳಿಯಾಗಿ ಒಡೆಯುತ್ತದೆ. ಹೀಗಾಗಿ ‘ಹೊಳೆನರಸೀಪುರ’ ಕೂಡಿಸಿ ಬರೆದರೆ 11 ಸಂಕೇತ, 33 ಬೈಟು. ಬಿಡಿಸಿದರೆ 13 ಸಂಕೇತ, 39 ಬೈಟು. ಕಣ್ಣಿಗೆ ಎರಡೂ ಒಂದೇ, ಹ್ಯಾಶ್ ಬೇರೆ. ಬರೆದದ್ದು ಚುಕ್ಕಿಗಳಾಗಿ ಕಾಣುವ ಪೆಟ್ಟಿಗೆಯಲ್ಲಿ ಸರಿಯಾದ ಪಾಸ್‌ವರ್ಡೇ ತಪ್ಪೆನಿಸಿಕೊಳ್ಳುತ್ತದೆ. ಉಳಿದ ಮೂರು ಹೆಸರುಗಳಿಗೆ ಈ ತೊಂದರೆಯಿಲ್ಲ.

ಮೂರನೆಯದು ಕತ್ತರಿಯದು. 1999ರ ಬಿಕ್ರಿಪ್ಟ್ ಎಂಬ ಹ್ಯಾಶ್ ವಿಧಾನದ ಹಲವು ಅಳವಡಿಕೆಗಳು 72 ಬೈಟಿನಾಚೆಯದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಚನ್ನರಾಯಪಟ್ಟಣ (36), ಹೊಳೆನರಸೀಪುರ (33) ಸೇರಿದರೆ 69. ಮುಂದೆ ‘ಹಾಸನ’ ಬರೆದರೂ ‘ಹಳೇಬೀಡು’ ಬರೆದರೂ ‘ಹ’ಕಾರದಾಚೆಗೆ ಲೆಕ್ಕಕ್ಕಿಲ್ಲ, ಎರಡೂ ಒಂದೇ ಪಾಸ್‌ವರ್ಡ್. ಇಂಗ್ಲಿಷಿನಲ್ಲಿ 72 ಅಕ್ಷರಕ್ಕೆ ಬೀಳುವ ಕತ್ತರಿ ಕನ್ನಡದಲ್ಲಿ 24 ಸಂಕೇತಕ್ಕೇ ಬೀಳುತ್ತದೆ. 2015ರ ಪಾಸ್‌ವರ್ಡ್ ಹ್ಯಾಶ್ ವಿಧಾನಗಳ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2ಗೆ ಈ ಮಿತಿಯಿಲ್ಲ.

ಆದ್ದರಿಂದ ಕ್ರಮ ಹೀಗಿರಬೇಕು: ಎಚ್‌ಟಿಟಿಪಿಎಸ್ ಮೂಲಕ ಪಡೆಯುವುದು, ಏಕರೂಪಗೊಳಿಸುವುದು, ಸಂಕೇತ ಎಣಿಸುವುದು, ಊರು-ದೇವರ ಹೆಸರುಗಳೂ ಇರುವ ನಿಷೇಧಪಟ್ಟಿಗೆ ಹೋಲಿಸುವುದು, ಆಮೇಲೆ ಆರ್ಗಾನ್2 ಹ್ಯಾಶ್. ಟೈಪಿಸಿದ್ದನ್ನು ತೋರಿಸುವ ಗುಂಡಿಯೂ ಇರಲಿ. ಏಕರೂಪದ ಹೆಜ್ಜೆಯನ್ನು ಮುಂದೆಂದಾದರೂ ಸೇರಿಸೋಣವೆಂದರೆ ಹಳೆಯ ಹ್ಯಾಶ್‌ಗಳನ್ನು ತಿದ್ದಲು ಬಾರದು; ಮೂಲ ಪಾಸ್‌ವರ್ಡ್ ಸರ್ವರಿನ ಬಳಿ ಇರುವುದಿಲ್ಲ. ಅದು ಮೊದಲ ದಿನದ ಕೆಲಸ.