ಹಣದ ಜೊತೆಗೆ ಬಂದ ವಿದ್ಯೆ

ಪಂಚಾಯಿತಿಗೆ ಕಾಮಗಾರಿಯ ಹಣ ಬರುವುದು ನಿಮಗೆ ಗೊತ್ತು. ಅದನ್ನು ಖರ್ಚುಮಾಡುವ ವಿದ್ಯೆ ಕಲಿಸಲೂ ಹಣ ಬಂದಿತ್ತು! 2007ರ ಫೆಬ್ರವರಿ 19ರಂದು ಪ್ರಧಾನಿ ಮನಮೋಹನ ಸಿಂಗ್ ಹಿಂದುಳಿದ ಪ್ರದೇಶಗಳ ಅನುದಾನ ನಿಧಿಗೆ ಚಾಲನೆಯಿತ್ತರು. ಅದರ 250 ಜಿಲ್ಲೆಗಳಲ್ಲಿ ವಯನಾಡೂ, ಮಡಕಶಿರಾ-ರಾಯದುರ್ಗಗಳು ಆಗ ಸೇರಿದ್ದ ಅನಂತಪುರವೂ ಇದ್ದವು. ಯೋಜನೆ, ಜಾರಿ, ಲೆಕ್ಕಪತ್ರದ ತರಬೇತಿಗೆಂದೇ ಜಿಲ್ಲೆಗೆ ವರ್ಷಕ್ಕೆ 1 ಕೋಟಿ ರೂಪಾಯಿ. ಸಾಮಾನು ಕೊಳ್ಳುವುದೂ ಜಾರಿಯೊಳಗೇ ಬಂತಲ್ಲ!

ಬ್ಯಾಂಕಿನ ಗುಮಾಸ್ತನಾಗಿದ್ದ ನನಗೆ ಇದೇ ದೊಡ್ಡದೆನಿಸುತ್ತದೆ. ಸಹಿ ಸರಿಯಿದ್ದರೆ ಚೆಕ್ಕು ಪಾಸಾಗುತ್ತದೆ. ಎಷ್ಟು ದರಪಟ್ಟಿ ತರಿಸಿದರು, ಸಿಮೆಂಟಿನ ಮೂಟೆ ಎಣಿಸಿಕೊಂಡರೆ ಎಂಬುದನ್ನು ಚೆಕ್ಕು ಹೇಳದು. ಗಡಿಯಲ್ಲಂತೂ ಟೆಂಡರು ಕಾಗದ ಮಲಯಾಳದಲ್ಲೋ ತೆಲುಗಿನಲ್ಲೋ ಇದ್ದರೆ, ಕನ್ನಡ ಮಾತ್ರ ಓದಿದ ಸದಸ್ಯೆಯ ಸಹಿಯೂ ಹೆಬ್ಬೆಟ್ಟೇ.

2015ರಲ್ಲಿ ಈ ನಿಧಿಗೆ ಕೇಂದ್ರದ ಹಣ ನಿಂತಿತು. 2018ರಲ್ಲಿ ರಾಷ್ಟ್ರೀಯ ಗ್ರಾಮ ಸ್ವರಾಜ್ ಅಭಿಯಾನ ತರಬೇತಿಯನ್ನು ಕೈಗೆತ್ತಿಕೊಂಡಿತು. ಅದು ಯಾವ ಭಾಷೆಯಲ್ಲಿ ನಡೆಯುತ್ತದೆಂದು ಗ್ರಾಮಸಭೆಯಲ್ಲಿ ಕೇಳಿ.