ಹೆಪಟೈಟಿಸ್ ಸಿ ಸೋಂಕಿನ ಚರ್ಮರೋಗಗಳು

ಹೆಪಟೈಟಿಸ್ ಸಿ ವೈರಸ್ ಯಕೃತ್ತಿನಲ್ಲಿ ವರ್ಷಗಟ್ಟಲೆ ಬೀಡುಬಿಟ್ಟಾಗ ಮೈಮೇಲೆ ಕಾಣಿಸಿಕೊಳ್ಳುವ ನವೆ, ದದ್ದು, ಕಲೆ, ನೀರುಗುಳ್ಳೆಗಳ ಗುಂಪು. ಇದು ಒಂದೇ ರೋಗವಲ್ಲ. ಒಂದಕ್ಕೊಂದು ಹೋಲಿಕೆಯಿಲ್ಲದ ನಾಲ್ಕೈದು ತೊಂದರೆಗಳಿಗೆ ಈ ವೈರಸ್ಸಿನ ನಂಟಿದೆ. ವೈರಸ್ ಪತ್ತೆಯಾದದ್ದು 1989ರಲ್ಲಿ. ಆ ಸಂಶೋಧನೆಗಾಗಿ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂತು. ವೈರಸ್ ಪತ್ತೆಯಾಗುವ ಮುಂಚೆಯೂ ಈ ಚರ್ಮರೋಗಗಳಲ್ಲಿ ಹೆಚ್ಚಿನವಕ್ಕೆ ಹೆಸರಿತ್ತು, ವೈರಸ್ಸಿನ ನಂಟು ಮಾತ್ರ ಗೊತ್ತಿರಲಿಲ್ಲ. ಸೋಂಕು ತಗುಲಿದ ಬಹುಪಾಲು ಜನರಿಗೆ ಎಷ್ಟೋ ವರ್ಷ ಕಾಮಾಲೆಯಾಗಲಿ ಹೊಟ್ಟೆನೋವಾಗಲಿ ಇರುವುದಿಲ್ಲ. ಹಾಗಾಗಿ ಕೆಲವರು ಮೊದಲು ಹೋಗುವುದೇ ಚರ್ಮದ ಡಾಕ್ಟರ ಬಳಿಗೆ.

ಎಲ್ಲಕ್ಕಿಂತ ಸಾಮಾನ್ಯವಾದದ್ದು ಬರೀ ನವೆ. ಕಣ್ಣಿಗೆ ದದ್ದು ಕಾಣದು, ರಾತ್ರಿಯಾದರೆ ಅಂಗೈ ಅಂಗಾಲು ಕೆರೆಯದೆ ನಿದ್ದೆ ಬಾರದು. ಇಂಥವರ ಬೆನ್ನು ನೋಡಿದರೆ ತಿಳಿಯುತ್ತದೆ: ಕೈ ಎಟುಕುವಷ್ಟು ದೂರ ಉಗುರಿನ ಗೀರು, ಕಪ್ಪು ಕಲೆ, ಎಟುಕದ ನಡುಬೆನ್ನು ಮಾತ್ರ ಸ್ವಚ್ಛ. ನಮ್ಮಲ್ಲಿ ಮೈಮೇಲೆ ದಡಿಕೆ ಎದ್ದರೆ ಪಿತ್ತದ ಗಂಧೆ ಎಂದು ದೊಡ್ಡಪತ್ರೆ ರಸ ಹಚ್ಚುವುದು ರೂಢಿ. ಆ ಗಂಧೆಗೂ ಪಿತ್ತರಸಕ್ಕೂ ಸಂಬಂಧವಿಲ್ಲ. ಅದು ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸ. ಯಕೃತ್ತು ಕೆಟ್ಟು ಪಿತ್ತರಸದ ಹರಿವು ನಿಧಾನವಾದಾಗ ಬರುವ ಈ ನವೆಗೇ ಆ ಹೆಸರು ಹೆಚ್ಚು ಒಪ್ಪುತ್ತಿತ್ತು. ಅಲರ್ಜಿಯ ಮಾತ್ರೆ ಇಲ್ಲಿ ಅಷ್ಟಾಗಿ ನಾಟುವುದಿಲ್ಲ. ಪಿತ್ತಲವಣಗಳನ್ನು ಕರುಳಲ್ಲೇ ಹಿಡಿದಿಡುವ ಕೊಲೆಸ್ಟಿರಮಿನ್ ಪುಡಿ, ಅದಕ್ಕೆ ಬಗ್ಗದಿದ್ದರೆ ರಿಫಾಂಪಿಸಿನ್ ಅಥವಾ ನಾಲ್ಟ್ರೆಕ್ಸೋನ್ ಕೊಡುತ್ತಾರೆ.

ವೈರಸ್ಸಿನೊಂದಿಗೆ ಅತ್ಯಂತ ಗಟ್ಟಿಯಾದ ನಂಟಿರುವುದು ಕ್ರಯೋಗ್ಲಾಬ್ಯುಲಿನ್ ರೋಗಕ್ಕೆ. ವೈರಸ್ಸಿನ ವಿರುದ್ಧ ಎಡೆಬಿಡದೆ ಪ್ರತಿಕಾಯ ತಯಾರಿಸಿ ತಯಾರಿಸಿ ಬಿ ಕೋಶಗಳು ಹದ ತಪ್ಪುತ್ತವೆ. ಪ್ರತಿಕಾಯಕ್ಕೇ ಅಂಟಿಕೊಳ್ಳುವ ಪ್ರತಿಕಾಯಗಳು ಹುಟ್ಟುತ್ತವೆ. ಇವೆಲ್ಲ ಸೇರಿ ಗಂಟುಕಟ್ಟಿ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಕೂತು ಉರಿಯೂತ ಎಬ್ಬಿಸುತ್ತವೆ. ಮೊಣಕಾಲಿನ ಕೆಳಗೆ ಸಾಸಿವೆಯಿಂದ ಕಡಲೆಕಾಳಿನಷ್ಟು ಗಾತ್ರದ, ಬೆರಳಿಗೆ ಉಬ್ಬು ಸಿಗುವ ನೇರಳೆಗೆಂಪು ಚುಕ್ಕೆಗಳು ಏಳುತ್ತವೆ. ಗಾಜಿನ ಲೋಟವನ್ನು ಅದರ ಮೇಲೆ ಒತ್ತಿ ನೋಡಿದರೆ ಅಲರ್ಜಿಯ ದದ್ದಿನಂತೆ ಬಿಳಿಚಿಕೊಳ್ಳುವುದಿಲ್ಲ, ಏಕೆಂದರೆ ರಕ್ತ ನಾಳದಿಂದ ಹೊರಗೆ ಸೋರಿರುತ್ತದೆ. ಕೆಲವರಿಗೆ ಉರಿ, ಕೆಲವರಿಗೆ ತುರಿಕೆ. ದಿನವಿಡೀ ನಿಂತೇ ದುಡಿಯುವವರಲ್ಲಿ ಹೆಚ್ಚು. ಚುಕ್ಕೆ ಮಾಗಿದ ಮೇಲೆ ಕಂದು ಕಲೆ ಉಳಿಯುತ್ತದೆ. ಚುಕ್ಕೆ, ಕೀಲುನೋವು, ಸುಸ್ತು ಈ ಮೂರನ್ನೂ ಒಟ್ಟಿಗೆ 1966ರಲ್ಲಿ ಮೆಲ್ಟ್‌ಜರ್ ಮತ್ತು ಸಂಗಡಿಗರು ವಿವರಿಸಿದರು. ಮೂತ್ರಪಿಂಡ, ನರಗಳಿಗೂ ಇದು ಹಬ್ಬಬಹುದು.

ಇದರ ಪರೀಕ್ಷೆ ಸರಳ, ಆದರೆ ಸುಲಭವಾಗಿ ಕೆಡುವಂಥದ್ದು. ಕ್ರಯೋಗ್ಲಾಬ್ಯುಲಿನ್ ಎಂಬ ಈ ಪ್ರತಿಕಾಯದ ಪ್ರೋಟೀನು ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ರಕ್ತ ತೆಗೆದು ಸೀರಮ್ ಬೇರ್ಪಡಿಸುವವರೆಗೂ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೇ ಇಡಬೇಕು. ಆಮೇಲೆ 4 ಡಿಗ್ರಿಯ ಫ್ರಿಜ್ಜಿನಲ್ಲಿ ಕೆಲವು ದಿನ, ಬೇಕಾದರೆ ವಾರವಿಡೀ ಇಟ್ಟು ಕಾಯಬೇಕು. ನಳಿಕೆಯ ತಳದಲ್ಲಿ ಬಿಳಿ ಗಸಿ ಕೂರುತ್ತದೆ, ಬೆಚ್ಚಗೆ ಮಾಡಿದರೆ ಕರಗಿ ಮಾಯವಾಗುತ್ತದೆ. ರಕ್ತವನ್ನು ಎಂದಿನಂತೆ ಐಸ್ ಡಬ್ಬಿಯಲ್ಲಿ ಕಳಿಸಿದರೆ ಗಸಿಯೆಲ್ಲ ರಕ್ತಕಣಗಳ ಜೊತೆ ಹೊರಟುಹೋಗಿ, ರೋಗವಿದ್ದರೂ ಇಲ್ಲ ಎಂಬ ವರದಿ ಬರುತ್ತದೆ.

ಲೈಕೆನ್ ಪ್ಲೇನಸ್‌ನದು ವಿಪರೀತ ತುರಿಕೆ. ಮಣಿಕಟ್ಟಿನ ಒಳಬದಿ, ಕಣಕಾಲಿನಲ್ಲಿ ಚಪ್ಪಟೆ ತಲೆಯ, ಹೊಳೆಯುವ ನೇರಳೆ ಗುಳ್ಳೆಗಳು; ಕೆನ್ನೆಯ ಒಳಗೋಡೆಯಲ್ಲಿ ಬಿಳಿ ಜಾಲರಿ, ಖಾರ ತಾಗಿದರೆ ಉರಿ. ಇಟಲಿ, ಜಪಾನುಗಳಲ್ಲಿ ಹೆಪಟೈಟಿಸ್ ಸಿ ಜೊತೆಗೆ ಇದರ ನಂಟು ಎದ್ದು ಕಂಡಿದೆ, ಬ್ರಿಟನ್ನಿನಲ್ಲಿ ಅಷ್ಟಾಗಿ ಇಲ್ಲ.

ಪಾರ್ಫಿರಿಯ ಕ್ಯುಟೇನಿಯ ಟಾರ್ಡ ಬೇರೆಯದೇ ದಾರಿ ಹಿಡಿಯುತ್ತದೆ. ಯಕೃತ್ತಿನ ಒಂದು ಕಿಣ್ವ ಸೊರಗಿ ಪಾರ್ಫಿರಿನ್‌ಗಳು ಚರ್ಮದಲ್ಲಿ ಶೇಖರವಾಗುತ್ತವೆ, ಬಿಸಿಲು ತಾಗಿದರೆ ಮುಂಗೈ ಹಿಂಬದಿಯಲ್ಲಿ ನೀರುಗುಳ್ಳೆ ಏಳುತ್ತದೆ. ಚರ್ಮ ಎಷ್ಟು ನಾಜೂಕಾಗುತ್ತದೆಂದರೆ ಜೇಬಿಗೆ ಕೈ ಹಾಕಿದರೂ ತರಚುತ್ತದೆ. ಮದ್ಯ, ದೇಹದಲ್ಲಿ ಹೆಚ್ಚಿದ ಕಬ್ಬಿಣ ಇದಕ್ಕೆ ಇಂಬು ಕೊಡುತ್ತವೆ. ಎರಡು ವಾರಕ್ಕೊಮ್ಮೆ ಸುಮಾರು 450 ಮಿ.ಲೀ. ರಕ್ತ ತೆಗೆದು ಕಬ್ಬಿಣ ಇಳಿಸುವುದು ಹಳೆಯ, ಈಗಲೂ ನಡೆಯುವ ಚಿಕಿತ್ಸೆ.

ಪಾದದ ಮೇಲ್ಭಾಗದಲ್ಲಿ ಕಪ್ಪುಗೆಂಪು ದಪ್ಪ ಪಟ್ಟೆಗಳಾಗಿ ಬರುವ ನೆಕ್ರೊಲಿಟಿಕ್ ಆಕ್ರಲ್ ಎರಿಥಿಮ ಅಪರೂಪದ್ದು; 1996ರಲ್ಲಿ ಮೊದಲು ವರದಿಯಾದದ್ದು ಈಜಿಪ್ಟಿನಿಂದ. ಅದು ಆಕಸ್ಮಿಕವೇನಲ್ಲ. ಶಿಸ್ಟೊಸೋಮ ಹುಳುವಿನ ರೋಗ ಓಡಿಸಲು 1950ರ ದಶಕದಿಂದ 80ರ ದಶಕದವರೆಗೆ ಅಲ್ಲಿ ಊರೂರಿಗೆ ಚುಚ್ಚುಮದ್ದು ಹಾಕಿದಾಗ, ಸರಿಯಾಗಿ ಶುದ್ಧಿಯಾಗದ ಸೂಜಿಗಳೇ ವೈರಸ್ಸನ್ನು ಹಂಚಿದವು. ಈ ಪಟ್ಟೆಗೆ ಸತುವಿನ ಮಾತ್ರೆಯಿಂದ ಹಲವರಿಗೆ ಗುಣ ಸಿಕ್ಕಿದೆ.

ಕಾರಣ ತಿಳಿಯದ ಇಂಥ ದದ್ದು ಕಂಡಾಗ ಮೊದಲು ಪ್ರತಿಕಾಯದ ಪರೀಕ್ಷೆ, ಅದು ಪಾಸಿಟಿವ್ ಆದರೆ ವೈರಸ್ಸಿನ ಆರ್‌ಎನ್‌ಎ ಪರೀಕ್ಷೆ. ಮುಲಾಮು ನವೆಯನ್ನು ತಣಿಸೀತು. ಬೇರು ಕೀಳುವುದು ವೈರಸ್ ನಿರೋಧಕ ಮಾತ್ರೆಗಳೇ. ಹಿಂದಿನ ಕಾಲದ ಚಿಕಿತ್ಸೆಯೇ ಒಂದು ಚರ್ಮದ ಕಾಟವಾಗಿತ್ತು: ಇಂಟರ್‌ಫೆರಾನ್ ಜೊತೆಗಿನ ರಿಬಾವಿರಿನ್ ತುರಿಕೆ ತರುತ್ತಿತ್ತು, 2011ರಲ್ಲಿ ಬಂದ ಟೆಲಾಪ್ರೆವಿರ್ ಕೆಲವರಿಗೆ ಪ್ರಾಣಕ್ಕೇ ಕುತ್ತಾಗುವ ದದ್ದು ಎಬ್ಬಿಸಿತು. 2013ರ ಕೊನೆಗೆ ಸೊಫಾಸ್ಬುವಿರ್ ಬಂದ ಮೇಲೆ ಚಿತ್ರ ಬದಲಾಯಿತು. ಈಗ ಅದನ್ನು ಡಕ್ಲಾಟಸ್ವಿರ್ ಅಥವಾ ವೆಲ್ಪಟಸ್ವಿರ್ ಜೊತೆ ಸಾಮಾನ್ಯವಾಗಿ 12 ವಾರ ನುಂಗಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ವೈರಸ್ ಹೋಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಮಾತ್ರೆಗಳು ಕರ್ನಾಟಕವೂ ಸೇರಿ ದೇಶದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ.

ವೈರಸ್ ಹೋದ ಮೇಲೆ ಕಾಲಿನ ಚುಕ್ಕೆಗಳು ಹೆಚ್ಚಿನವರಲ್ಲಿ ನಿಲ್ಲುತ್ತವೆ. ಬಾಯೊಳಗಿನ ಬಿಳಿ ಜಾಲರಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕೆಲವರ ರಕ್ತದಲ್ಲಿ, ಆರ್‌ಎನ್‌ಎ ವರದಿ ಶೂನ್ಯವೆಂದು ಬಂದು ತಿಂಗಳುಗಳೇ ಕಳೆದರೂ, ಫ್ರಿಜ್ಜಿನಲ್ಲಿಟ್ಟ ನಳಿಕೆಯ ತಳದಲ್ಲಿ ಗಸಿ ಕೂರುತ್ತಲೇ ಇರುತ್ತದೆ.