ಕರೆಯುವವರು ಒಬ್ಬರು, ಒಳಗೆ ಬಿಡುವವರು ಇನ್ನೊಬ್ಬರು

1893ರ ಮೇ 31ರಂದು ಸ್ವಾಮಿ ವಿವೇಕಾನಂದರು ಮುಂಬಯಿಯಿಂದ ಹಡಗು ಹತ್ತಿದರು. ಚಿಕ್ಕಮಗಳೂರಿನಲ್ಲಿ ಹುಟ್ಟಿ ಮದರಾಸಿನಲ್ಲಿ ಮೇಷ್ಟರಾಗಿದ್ದ ಅಳಸಿಂಗ ಪೆರುಮಾಳ್ ಮತ್ತು ಅವರ ಗೆಳೆಯರು ಮನೆಮನೆ ತಿರುಗಿ ಚಂದಾ ಎತ್ತಿದ್ದರು. ಜಪಾನಿನ ಯೊಕೊಹಾಮಾದಿಂದ ಕೆನಡಾದ ವ್ಯಾಂಕೂವರಿಗೆ, ಅಲ್ಲಿಂದ ರೈಲಿನಲ್ಲಿ ಶಿಕಾಗೊಗೆ ಪ್ರಯಾಣ. ಇಷ್ಟು ದೂರದ ದಾರಿಯಲ್ಲಿ ಯಾರೂ ಅವರನ್ನು ವೀಸಾ ಕೇಳಲಿಲ್ಲ. ತೊಡಕು ಎದುರಾದದ್ದು ಊರು ತಲುಪಿದ ಮೇಲೆ. ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಲು ಯಾವುದಾದರೂ ಸಂಸ್ಥೆಯ ಪರಿಚಯಪತ್ರ ಬೇಕಿತ್ತು, ಅದು ಅವರ ಬಳಿ ಇರಲಿಲ್ಲ. ಕೊನೆಗೆ ಹಾರ್ವರ್ಡ್‌ನ ಪ್ರಾಧ್ಯಾಪಕ ಜಾನ್ ಹೆನ್ರಿ ರೈಟ್ ಪತ್ರ ಬರೆದುಕೊಟ್ಟರು. ಅಂದರೆ ಆಗ ತಡೆದದ್ದು ಸಭೆಯ ಬಾಗಿಲು, ದೇಶದ ಬಾಗಿಲಲ್ಲ.

ಆ ಕಾಲ ಎಲ್ಲರಿಗೂ ಸಲೀಸಾಗಿತ್ತು ಎಂದುಕೊಳ್ಳುವಂತಿಲ್ಲ. ಚೀನೀ ಕೂಲಿಕಾರರು ಬರದಂತೆ ಅಮೆರಿಕ 1882ರಲ್ಲೇ ಕಾನೂನು ಮಾಡಿತ್ತು. ಉಳಿದ ಚೀನೀಯರೂ ಅರ್ಹತಾಪತ್ರ ಹಿಡಿದೇ ಬರಬೇಕಿತ್ತು. ಆದರೆ ಪ್ರತಿಯೊಬ್ಬ ಪರದೇಶಿಯೂ ಹೊರಡುವ ಮುನ್ನವೇ ಅನುಮತಿ ಪಡೆದಿರಬೇಕು ಎಂಬ ಪದ್ಧತಿ ಗಟ್ಟಿಯಾದದ್ದು ಮೊದಲ ಮಹಾಯುದ್ಧದಲ್ಲಿ, ಗೂಢಚಾರರ ಭಯದಿಂದ. ಯುದ್ಧ ಮುಗಿದರೂ ಪದ್ಧತಿ ಹೋಗಲಿಲ್ಲ. 1920ರಲ್ಲಿ ರಾಷ್ಟ್ರಸಂಘ ಪ್ಯಾರಿಸ್ಸಿನಲ್ಲಿ ಸಭೆ ಕರೆದು ಪಾಸ್‌ಪೋರ್ಟ್ ಪುಸ್ತಕ ಹೇಗಿರಬೇಕೆಂದು ಒಂದು ಮಾದರಿ ಗೊತ್ತುಮಾಡಿತು. ಅದೇ ವರ್ಷ ಭಾರತದಲ್ಲೂ ಒಳಬರುವವರ ಪಾಸ್‌ಪೋರ್ಟ್ ಕುರಿತ ಕಾಯ್ದೆ ಬಂತು.

ಅಂದಿನಿಂದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಇಬ್ಬರು ಯಜಮಾನರು. ಆಹ್ವಾನ ಕೊಡುವುದು ವಿದ್ವಾಂಸರ ಮಂಡಳಿ, ಅವರು ನೋಡುವುದು ಕೆಲಸವನ್ನು. ಅನುಮತಿ ಕೊಡುವುದು ಸರ್ಕಾರದ ಅಧಿಕಾರಿ, ಆತ ನೋಡುವುದು ಆಳನ್ನು: ಯಾವ ದೇಶ, ಯಾವ ಪಕ್ಷ, ತಿರುಗಿ ಹೋಗುತ್ತಾನೋ ಇಲ್ಲವೋ. ಈ ಎರಡು ತೀರ್ಪುಗಳು ಹೊಂದದೇ ಹೋದಾಗಲೆಲ್ಲ ಸಭೆಯಲ್ಲಿ ಒಂದು ಕುರ್ಚಿ ಖಾಲಿ ಉಳಿಯಿತು.

ಶೀತಲ ಸಮರದ ಮೊದಲ ವರ್ಷಗಳಲ್ಲಿ ಇದು ಎದ್ದು ಕಂಡಿತು. 1950ರ ವಿಶ್ವ ಗಣಿತ ಸಮ್ಮೇಳನ ಹಾರ್ವರ್ಡ್‌ನಲ್ಲಿ ನಡೆಯಬೇಕಿತ್ತು. ಫ್ರಾನ್ಸಿನ ಹಿರಿಯ ಗಣಿತಜ್ಞ ಜಾಕ್ ಅದಮಾರ್ ಅವರಿಗೆ ಆಗ 84 ವರ್ಷ. ಎಡಪಂಥದ ಒಲವಿದೆ ಎಂದು ಅಮೆರಿಕ ಅವರಿಗೆ ವೀಸಾ ಕೊಡಲಿಲ್ಲ. ಅದೇ ಸಮ್ಮೇಳನದಲ್ಲಿ ಫೀಲ್ಡ್ಸ್ ಪದಕ ಪಡೆಯಬೇಕಿದ್ದ ಲೊರಾಂ ಶ್ವಾರ್ಟ್ಸ್ ಅವರ ಅರ್ಜಿಯೂ ಸಿಕ್ಕಿಕೊಂಡಿತು. ಅದಮಾರ್ ಬರದಿದ್ದರೆ ನಾವೂ ಬರುವುದಿಲ್ಲ ಎಂದು ಫ್ರಾನ್ಸಿನ ಗಣಿತಜ್ಞರು ಪಟ್ಟು ಹಿಡಿದರು. ಅಮೆರಿಕದ ಗಣಿತಜ್ಞರು ತಮ್ಮ ಸರ್ಕಾರದ ಬೆನ್ನು ಬಿದ್ದರು. ಕೊನೇ ಗಳಿಗೆಯಲ್ಲಿ ಇಬ್ಬರಿಗೂ ವೀಸಾ ಸಿಕ್ಕಿತು. ಸೋವಿಯತ್ ಗಣಿತಜ್ಞರು ಮಾತ್ರ ಒಬ್ಬರೂ ಬರಲಿಲ್ಲ.

ಬಾಗಿಲು ಹಾಕುವವರು ಯಾವಾಗಲೂ ಪರದೇಶದವರೇ ಎಂದೇನಿಲ್ಲ. 1952ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರೋಟೀನುಗಳ ರಚನೆಯ ಬಗ್ಗೆ ಸಭೆ ಇತ್ತು. ಅಲ್ಲಿ ಚರ್ಚೆಯಾಗಬೇಕಿದ್ದುದು ಮುಖ್ಯವಾಗಿ ಲೈನಸ್ ಪಾಲಿಂಗ್ ಅವರ ಕೆಲಸ. ಅವರ ರಾಜಕೀಯ ನಿಲುವುಗಳನ್ನು ಒಪ್ಪದ ಅಮೆರಿಕ ಸರ್ಕಾರ, ಈ ಪ್ರಯಾಣ ದೇಶದ ಹಿತಕ್ಕೆ ಒಳ್ಳೆಯದಲ್ಲವೆಂದು ತನ್ನದೇ ಪ್ರಜೆಗೆ ಪಾಸ್‌ಪೋರ್ಟ್ ನಿರಾಕರಿಸಿತು. ಅವರ ಮಾದರಿಯ ಮೇಲಿನ ಚರ್ಚೆ ಅವರಿಲ್ಲದೆ ನಡೆಯಿತು. ಎರಡು ವರ್ಷಗಳ ನಂತರ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು, ಸ್ಟಾಕ್‌ಹೋಮಿಗೆ ಹೋಗಲು ಪಾಸ್‌ಪೋರ್ಟೂ ಸಿಕ್ಕಿತು. ಸೋವಿಯತ್ ಒಕ್ಕೂಟದಲ್ಲಂತೂ ಹೊರಗೆ ಹೋಗುವುದಕ್ಕೇ ಅಪ್ಪಣೆ ಬೇಕಿತ್ತು. 1978ರಲ್ಲಿ ಹೆಲ್ಸಿಂಕಿಯ ಸಮ್ಮೇಳನದಲ್ಲಿ ಫೀಲ್ಡ್ಸ್ ಪದಕ ಗ್ರಿಗೊರಿ ಮಾರ್ಗುಲಿಸ್ ಅವರಿಗೆಂದು ಘೋಷಣೆಯಾದಾಗ ಅವರು ಅಲ್ಲಿರಲಿಲ್ಲ, ಹೋಗಲು ಬಿಟ್ಟಿರಲಿಲ್ಲ.

ಈ ಅಧಿಕಾರವನ್ನು ಪ್ರಶ್ನಿಸಿದ ಎರಡು ಮೊಕದ್ದಮೆಗಳು ಬೇರೆ ಬೇರೆ ದಿಕ್ಕಿಗೆ ಹೋದವು. ಭಾರತದಲ್ಲಿ 1967ರವರೆಗೆ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿ. ಆ ವರ್ಷ ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಮೊಕದ್ದಮೆಯಲ್ಲಿ, ವಿದೇಶ ಪ್ರಯಾಣವೂ ಸಂವಿಧಾನದ 21ನೇ ವಿಧಿ ಕೊಟ್ಟ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು ಎಂಬ ನಿಯಮವೂ ಅದರಲ್ಲಿ ಸೇರಿತು.

ಅಮೆರಿಕದ ಮೊಕದ್ದಮೆಯ ಕಥೆ ಬೇರೆ. ಬೆಲ್ಜಿಯಂನ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞ ಅರ್ನೆಸ್ಟ್ ಮಾಂಡೆಲ್ ಅವರನ್ನು 1969ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಮ್ಮೇಳನಕ್ಕೆ ಕರೆದಿದ್ದರು. ವೀಸಾ ಸಿಗಲಿಲ್ಲ. ನ್ಯೂಯಾರ್ಕಿನ ಸಭಿಕರು ಅವರ ಭಾಷಣವನ್ನು ಅಟ್ಲಾಂಟಿಕ್ ದಾಟಿ ಬಂದ ಫೋನಿನಲ್ಲಿ ಕೇಳಬೇಕಾಯಿತು. ಅವರನ್ನು ಕರೆದಿದ್ದ ಪ್ರಾಧ್ಯಾಪಕರು ಕೋರ್ಟಿಗೆ ಹೋದರು. ಹೊರಗಿನವನಿಗೆ ಒಳಬರುವ ಹಕ್ಕಿಲ್ಲದಿರಬಹುದು, ಆದರೆ ಅವನ ಮಾತನ್ನು ಎದುರಿಗೆ ಕೂತು ಕೇಳುವ, ಅವನೊಡನೆ ವಾದಿಸುವ ಹಕ್ಕು ನಮಗಿದೆ ಎಂಬುದು ಅವರ ವಾದ. ಸರ್ಕಾರ ಮೇಲ್ನೋಟಕ್ಕೆ ಸರಿಯಾದ ಒಂದು ಕಾರಣ ಕೊಟ್ಟರೆ ನಾವು ಅದರ ಹಿಂದೆ ಇಣುಕುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1972ರಲ್ಲಿ ಹೇಳಿತು. ಆದರೂ ಆ ಪ್ರಾಧ್ಯಾಪಕರು ಎತ್ತಿದ ಮಾತು ಉಳಿಯಿತು: ವೀಸಾ ನಿರಾಕರಣೆಯಲ್ಲಿ ನಷ್ಟವಾಗುವುದು ಬರಲಾಗದವನಿಗೆ ಮಾತ್ರವಲ್ಲ, ಕಾಯುತ್ತಾ ಕೂತವರಿಗೂ.

ವಿಜ್ಞಾನಿಗಳು ಕೋರ್ಟಿನ ಹೊರಗೆ ತಮ್ಮದೇ ಒಂದು ಕಟ್ಟುಪಾಡು ಕಟ್ಟಿಕೊಂಡರು. ವೈಜ್ಞಾನಿಕ ಒಕ್ಕೂಟಗಳ ಅಂತರರಾಷ್ಟ್ರೀಯ ಮಂಡಳಿಯು ವಿಜ್ಞಾನಿಗಳ ಮುಕ್ತ ಓಡಾಟಕ್ಕೆಂದೇ 1963ರಲ್ಲಿ ಸಮಿತಿ ರಚಿಸಿತು. ಸಮ್ಮೇಳನ ನಡೆಸುವ ದೇಶ ಯಾವ ದೇಶದ ನಿಜವಾದ ವಿಜ್ಞಾನಿಯನ್ನೂ ರಾಜಕೀಯದ ಕಾರಣಕ್ಕೆ ಹೊರಗಿಡಬಾರದು ಎಂಬುದು ಅದರ ತತ್ವ. ಮಂಡಳಿಯ ಬಳಿ ಪೊಲೀಸರಿಲ್ಲ, ಕೋರ್ಟಿಲ್ಲ. ಬಿಡದಿದ್ದರೆ ಸಮ್ಮೇಳನ ಬೇರೆ ದೇಶಕ್ಕೆ ಹೋಗುತ್ತದೆ ಎಂಬ ಎಚ್ಚರಿಕೆಯೇ ಅದರ ಕೈಲಿದ್ದ ಅಸ್ತ್ರ.

ಅದೇ ಮಂಡಳಿಯ ಅಧ್ಯಕ್ಷರೇ ಒಮ್ಮೆ ವೀಸಾ ಕಿಟಕಿಯ ಮುಂದೆ ನಿಲ್ಲಬೇಕಾಯಿತು. ಅವರು ಗೋವರ್ಧನ್ ಮೆಹ್ತಾ, ರಸಾಯನಶಾಸ್ತ್ರಜ್ಞರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಿಂದಿನ ನಿರ್ದೇಶಕರು. 2006ರ ಫೆಬ್ರವರಿಯಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಆಹ್ವಾನ ಹಿಡಿದು ಅವರು ಚೆನ್ನೈನ ಅಮೆರಿಕನ್ ಕಾನ್ಸುಲೇಟಿಗೆ ಹೋದರು. ಬೆಂಗಳೂರಿನವರಿಗೆ ಆಗ ಅದೇ ದಾರಿ. ಅವರ ವಿದ್ಯೆ ರಾಸಾಯನಿಕ ಅಸ್ತ್ರಗಳಿಗೆ ಬಳಕೆಯಾದೀತೆಂಬ ಅನುಮಾನ ಅಲ್ಲಿ ಎದ್ದಿತು. ತೀರಾ ಅವಮಾನವಾಯಿತು ಎಂದು ಅವರು ಬಹಿರಂಗವಾಗಿಯೇ ಹೇಳಿದರು. ಅಮೆರಿಕದ ಅಧ್ಯಕ್ಷರು ಭಾರತಕ್ಕೆ ಬರುವ ದಿನ ಹತ್ತಿರವಿತ್ತು. ಸುದ್ದಿ ದೊಡ್ಡದಾಯಿತು, ರಾಯಭಾರ ಕಚೇರಿ ವಿಷಾದ ಸೂಚಿಸಿತು, ವೀಸಾ ಬಂತು. ಅಷ್ಟರಲ್ಲಿ ಮೆಹ್ತಾ ಪ್ರಯಾಣವನ್ನೇ ಕೈಬಿಟ್ಟಿದ್ದರು.

ಮೆಹ್ತಾ ನಡೆಸಿದ ಸಂಸ್ಥೆಯ ಬೇರು 1893ರ ಅದೇ ಪ್ರಯಾಣವನ್ನು ತಾಗುತ್ತದೆ. ಯೊಕೊಹಾಮಾದಿಂದ ವ್ಯಾಂಕೂವರಿಗೆ ಹೊರಟ ಹಡಗಿನಲ್ಲಿ ವಿವೇಕಾನಂದರ ಜೊತೆ ಜಮ್‌ಷೇಟ್‌ಜಿ ಟಾಟಾ ಇದ್ದರು. ಭಾರತದಲ್ಲಿ ವಿಜ್ಞಾನ ಸಂಶೋಧನೆಗೆ ಒಂದು ಸಂಸ್ಥೆ ಕಟ್ಟಲು ಹೊರಟಾಗ, 1898ರಲ್ಲಿ, ಟಾಟಾ ಆ ಸಹಪ್ರಯಾಣವನ್ನು ನೆನಪಿಸಿಯೇ ಸ್ವಾಮೀಜಿಗೆ ಪತ್ರ ಬರೆದರು. ಮೈಸೂರು ಸಂಸ್ಥಾನ ಜಮೀನು ಕೊಟ್ಟಿತು, 1909ರಲ್ಲಿ ಸಂಸ್ಥೆ ಹುಟ್ಟಿತು. ಸಮ್ಮೇಳನಗಳ ಫಲ ಎಷ್ಟೋ ಸಲ ವೇದಿಕೆಯ ಮೇಲಲ್ಲ, ದಾರಿಯಲ್ಲಿ, ಊಟದ ಮೇಜಿನಲ್ಲಿ, ಹೀಗೆ ಆಕಸ್ಮಿಕವಾಗಿ ಹುಟ್ಟುತ್ತದೆ. ವೀಸಾ ಅರ್ಜಿಯಲ್ಲಿ ಇದನ್ನು ಬರೆಯಲು ಜಾಗವಿಲ್ಲ.

ನಮ್ಮ ದೇಶ ಬಾಗಿಲು ತಟ್ಟುವ ಕಡೆಯಲ್ಲಷ್ಟೇ ನಿಂತಿಲ್ಲ. 2018ರ ಜುಲೈನಲ್ಲಿ ದೆಹಲಿಯಲ್ಲಿ ನಡೆದ ಏಷ್ಯಾ ಅಧ್ಯಯನದ ದೊಡ್ಡ ಸಮ್ಮೇಳನಕ್ಕೆ ಪಾಕಿಸ್ತಾನದ ವಿದ್ವಾಂಸರನ್ನು ಭಾರತ ಬಿಡಲಿಲ್ಲ. ಅವರ ಪ್ರಬಂಧಗಳು ಆಯ್ಕೆಯಾಗಿದ್ದವು. 2021ರ ಜನವರಿಯಲ್ಲಿ, ಕೊರೋನಾದಿಂದಾಗಿ ಎಲ್ಲ ಸಭೆಗಳೂ ಪರದೆಯ ಮೇಲೆ ನಡೆಯುತ್ತಿದ್ದಾಗ, ಇನ್ನೊಂದು ಆದೇಶ ಬಂತು. ದೇಶದ ಭದ್ರತೆ, ಗಡಿ ಅಥವಾ ಆಂತರಿಕ ವಿಚಾರಗಳಿಗೆ ಸಂಬಂಧಿಸಿದ ಆನ್‌ಲೈನ್ ಅಂತರರಾಷ್ಟ್ರೀಯ ಸಭೆಗೆ ಸರ್ಕಾರಿ ವಿಶ್ವವಿದ್ಯಾಲಯಗಳು ವಿದೇಶಾಂಗ ಸಚಿವಾಲಯದ ಒಪ್ಪಿಗೆ ಪಡೆಯಬೇಕೆಂದು ಅದು ಹೇಳಿತು. ಯಾರೂ ಗಡಿ ದಾಟದ ಸಭೆಗೂ ಗಡಿ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ವಿದ್ವತ್ ಸಂಸ್ಥೆಗಳು ವಿರೋಧಿಸಿದವು. ಮರುತಿಂಗಳೇ ಆದೇಶ ಹಿಂದೆ ಸರಿಯಿತು.

ಅದಮಾರ್, ಪಾಲಿಂಗ್, ಮೆಹ್ತಾ: ಇವರಿಗೆಲ್ಲ ತಡವಾಗಿಯಾದರೂ ಬಾಗಿಲು ತೆರೆಯಿತು. ಹೆಸರಿತ್ತು, ಬೆನ್ನಿಗೆ ನಿಲ್ಲುವ ಗೆಳೆಯರಿದ್ದರು, ಬರೆಯಲು ಪತ್ರಿಕೆಗಳಿದ್ದವು. ಮೊದಲ ಪ್ರಬಂಧ ಓದಲು ಹೊರಟ ವಿದ್ಯಾರ್ಥಿಗೆ ಇದ್ಯಾವುದೂ ಇಲ್ಲ. ಅವಳು ಆಹ್ವಾನ ಪತ್ರ, ಬ್ಯಾಂಕಿನ ಲೆಕ್ಕ, ಊರಿಗೆ ವಾಪಸು ಬರುತ್ತೇನೆಂಬುದಕ್ಕೆ ಪುರಾವೆ ಹಿಡಿದು ಕೌಂಟರಿನ ಮುಂದೆ ಕೆಲವು ನಿಮಿಷ ನಿಲ್ಲುತ್ತಾಳೆ. ಇಲ್ಲವೆಂದರೆ ಸಮ್ಮೇಳನದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಎಂದು ಗುರುತು ಬೀಳುತ್ತದೆ, ಅಷ್ಟೆ. 1950ರಲ್ಲಿ ಅದಮಾರ್ ಹಡಗು ಹತ್ತಿದ್ದು ಅವರೊಬ್ಬರ ಕೀರ್ತಿಯಿಂದಲ್ಲ, ಅವರನ್ನು ಬಿಟ್ಟು ಹೋಗಲು ಉಳಿದವರು ಒಪ್ಪದ್ದರಿಂದ. ಇವಳ ಕುರ್ಚಿ ಖಾಲಿಯಿದೆ ಎಂದು ಸಭೆಯಲ್ಲಿ ಯಾರಾದರೂ ಎದ್ದು ಕೇಳಿದ ದಿನ ಆ ಪಾಠ ಅವಳಿಗೂ ಒದಗುತ್ತದೆ.